ಸೀನನಿಗೆ, ಕಾರು ಬುಕ್ ಮಾಡುವ ಮುಂಚೆ

ಪ್ರೀತಿಯ ಸೀನ,

ನಿನ್ನ ಮೆಸೇಜು ನೋಡಿದೆ. ಮೂರು ಕಾರಿನ ಫೋಟೊ, ಕೆಳಗೆ ಒಂದೇ ಸಾಲು: "ಯಾವುದು ತಗೊಳ್ಳಲಿ, ಬೇಗ ಹೇಳು." ಹಬ್ಬಕ್ಕೆ ಅಂಗಿ ಆರಿಸುವ ಹಾಗೆ ಕೇಳಿದರೆ ಏನು ಹೇಳಲೋ? ಫೋನಿನಲ್ಲಿ ಶುರು ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಮಾತು ಸನ್‌ರೂಫಿನ ಕಡೆ ಹೊರಳುತ್ತದೆ. ಅದಕ್ಕೇ ಪತ್ರ. ಕಾರು ಹುಡುಕುತ್ತಿರುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ.

ಮೊದಲು ಲೆಕ್ಕ. ಮನೆ ನಾಗರಬಾವಿ, ಆಫೀಸು ಮಾನ್ಯತಾ ಟೆಕ್ ಪಾರ್ಕು. ಸುಮನಹಳ್ಳಿ, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ ಹೋಗಬೇಕು. ಹೋಗಿ ಬರುವುದಕ್ಕೆ ನಲವತ್ತು ಕಿಲೋಮೀಟರು. ಭಾನುವಾರದ ಓಡಾಟ ಸೇರಿಸಿ ವರ್ಷಕ್ಕೆ 12 ಸಾವಿರ ಅಂತಿಟ್ಟುಕೊ. ಹನ್ನೆರಡು ವರ್ಷ ಇಟ್ಟುಕೊಳ್ಳುತ್ತೇನೆ ಅಂತೀಯ, ಅಂದರೆ 1.44 ಲಕ್ಷ ಕಿಲೋಮೀಟರು. ಇವತ್ತಿನ ಯಾವ ಕಾರಾದರೂ ಅಷ್ಟು ಓಡುತ್ತದೆ ಬಿಡು. ಆದರೆ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗುವುದಕ್ಕೆ ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಗಂಟೆಗೆ ಹದಿನೇಳೂವರೆ ಕಿಲೋಮೀಟರು. ಭಾಗಿಸಿ ನೋಡು: 8,200 ಗಂಟೆ. ಹಗಲೂ ರಾತ್ರಿ ಕೂತರೆ 340 ದಿನದ ಮೇಲೆ. ಹನ್ನೆರಡು ವರ್ಷದಲ್ಲಿ ಹತ್ತಿರಹತ್ತಿರ ಒಂದಿಡೀ ವರ್ಷವನ್ನು ನೀನು ಆ ಸೀಟಿನಲ್ಲೇ ಕಳೆಯುತ್ತೀಯ.

ನಮ್ಮ ಭಾವ ಹಾಸನ ರೋಡಿನಲ್ಲಿ ಎಪ್ಪತ್ತರ ಮೇಲೇ ಓಡಿಸುವವರು. ಅಷ್ಟೇ ದೂರ ಅವರಿಗೆ ಎರಡು ಸಾವಿರ ಗಂಟೆಗೆ ಮುಗಿಯುತ್ತದೆ. ಮೀಟರಿನಲ್ಲಿ ಇಬ್ಬರದೂ ಒಂದೇ ಅಂಕಿ. ಇಂಜಿನ್ನು, ಕ್ಲಚ್ಚು, ಎಸಿ ದುಡಿದದ್ದು ಮಾತ್ರ ನಿನ್ನದರಲ್ಲಿ ನಾಲ್ಕು ಪಟ್ಟು. ಆದ್ದರಿಂದ ಸಿಟಿ ಕಾರಿನ ಆಯಸ್ಸನ್ನು ಗಂಟೆಯಲ್ಲಿ ಅಳೆ ಅಂತ ನಾನು ಹೇಳುವುದು. ನಾನು ಮಾಡಿದ ತಪ್ಪೂ ಅಲ್ಲೇ.

ನನ್ನ ಹಳೇ ಕಾರಿನ ಕಥೆ ನಿನಗೆ ಅರ್ಧ ಗೊತ್ತು. ಕಂಪನಿ ಹೆಸರು ಇಲ್ಲಿ ಬೇಡ. ಟರ್ಬೊ ಇಂಜಿನ್ನು, ಅಂದರೆ ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವಂಥದ್ದು, ಎರಡು ಕ್ಲಚ್ಚಿನ ಆಟೋಮ್ಯಾಟಿಕ್ಕು. ನೈಸ್ ರೋಡಿನಲ್ಲಿ ಟೆಸ್ಟ್ ಡ್ರೈವ್ ಮಾಡಿ, ಬೆಣ್ಣೆ ಇದ್ದ ಹಾಗಿದೆ ಅಂತ ಅಡ್ವಾನ್ಸ್ ಕೊಟ್ಟು ಬಂದವನು ನಾನು. ಐದನೇ ವರ್ಷದ ಏಪ್ರಿಲ್, ಮಧ್ಯಾಹ್ನ ಮೂರು ಗಂಟೆ, ಹೆಬ್ಬಾಳ ಫ್ಲೈಓವರ್ ಏರು. ಮುಂದೆ ಬಿಎಂಟಿಸಿ ಬಸ್ಸು, ಹಿಂದೆ ನೀರಿನ ಟ್ಯಾಂಕರು. ಒಂದಡಿ ಮುಂದೆ, ನಿಲ್ಲು. ಮತ್ತೆ ಒಂದಡಿ, ನಿಲ್ಲು. ಇಪ್ಪತ್ತು ನಿಮಿಷ ಆದ ಮೇಲೆ ಸುಟ್ಟ ವಾಸನೆ ಬಂತು. ಪಕ್ಕದ ಲಾರಿಯದು ಅಂದುಕೊಂಡೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪಕ್ಷರ ಬಂತು: ಗೇರ್‌ಬಾಕ್ಸ್ ಕಾದಿದೆ, ಗಾಡಿ ನಿಲ್ಲಿಸಿ. ಎಲ್ಲಿ ನಿಲ್ಲಿಸಲಿ? ಟ್ಯಾಂಕರಿನವನು ಹಾರ್ನ್ ಹೊಡೆದದ್ದು ಇನ್ನೂ ಕಿವಿಯಲ್ಲಿದೆ.

ಟೋ ಮಾಡಿಸಿ ಸರ್ವೀಸ್ ಸೆಂಟರಿಗೆ ಹಾಕಿದರೆ ಅಲ್ಲಿನ ಹುಡುಗ ಸಮಾಧಾನವಾಗಿ ಹೇಳಿದ: "ಸರ್, ಟ್ರಾಫಿಕ್ಕಲ್ಲಿ ಆಗಾಗ ನ್ಯೂಟ್ರಲ್‌ಗೆ ಹಾಕ್ಬೇಕಿತ್ತು." ನ್ಯೂಟ್ರಲ್‌ಗೆ ಹಾಕುತ್ತಾ ಕೂರುವುದಕ್ಕೆ ಆಟೋಮ್ಯಾಟಿಕ್ ಯಾಕೆ ತಗೊಳ್ಳಬೇಕಿತ್ತು, ಅಲ್ವಾ? ವಾರಂಟಿ ಮುಗಿದಿತ್ತು. ಬಿಲ್ಲು ಲಕ್ಷ ದಾಟಿತು. ಆ ತಿಂಗಳು ನಾನು ಮೆಟ್ರೋದಲ್ಲೇ ಓಡಾಡಿದೆ. ಮೈಗೆ ಹಿತವಾಗಿತ್ತು ಅನ್ನು.

ಆ ಗೇರ್‌ಬಾಕ್ಸ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹೈವೇಯಲ್ಲಿ ಅದರಷ್ಟು ಚುರುಕಾಗಿ ಗೇರು ಬದಲಿಸುವುದು ಇನ್ನೊಂದಿಲ್ಲ. ಆದರೆ ಅದರ ಒಣ ಕ್ಲಚ್ಚು ಅಡಿ ಅಡಿ ತೆವಳುವಾಗ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನದಾದರೆ ಸ್ವಲ್ಪ ವಾಸಿ. ನೀನು ಕಳಿಸಿದ ಮೊದಲ ಫೋಟೊ, ಆ ಸನ್‌ರೂಫಿನ ಎಸ್‌ಯುವಿ, ಇದೇ ಜಾತಿಯದು. ನಿನ್ನ ದಾರಿಗೆ ಬೇಡ.

ಎರಡನೆಯದು ಮಾರುತಿಯ ಡಿಜೈರ್, ಎಎಂಟಿ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ ಕಣೋ. ನಿನ್ನ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಒಂದು ಸಣ್ಣ ಯಂತ್ರ ಮಾಡುತ್ತದೆ, ಅಷ್ಟೇ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನ ಜೊತೆ ನಮ್ಮಲ್ಲಿಗೆ ಬಂತು. ಅಗ್ಗ, ಮೈಲೇಜು ಚೆನ್ನ, ಕೆಟ್ಟರೆ ರಿಪೇರಿಗೆ ಮನೆ ಮಾರಬೇಕಾಗಿಲ್ಲ. ಆದರೆ ಪ್ರತಿ ಗೇರಿಗೂ ತಲೆ ಒಂದು ಸಲ ಮುಂದಕ್ಕೆ ತೂಗುತ್ತದೆ. ಏರಿನಲ್ಲಿ ಎಚ್ಚರ ತಪ್ಪಿದರೆ ಹಿಂದಕ್ಕೆ ಜಾರುತ್ತದೆ. ಕ್ಲಚ್ ಪ್ಲೇಟೂ ಮ್ಯಾನುಯಲ್ ಕಾರಿನಂತೆಯೇ ಸವೆಯುತ್ತದೆ.

ಮೂರನೆಯದು ಹೋಂಡಾದ ಅಮೇಜ್, ಸಿವಿಟಿ. ಇದರಲ್ಲಿ ಹಲ್ಲಿನ ಗೇರುಗಳ ಸಾಲು ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟು. ಪುಲ್ಲಿ ಅಗಲ ಕಿರಿದಾಗುತ್ತಾ ವೇಗ ಬದಲಾಗುತ್ತದೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ, ಅಂದರೆ ಎಣ್ಣೆಯ ಮೂಲಕ ಶಕ್ತಿ ದಾಟುತ್ತದೆ. ತೆವಳುವಾಗ ಉಜ್ಜಿ ಸುಡುವುದಕ್ಕೆ ಒಣ ಕ್ಲಚ್ಚೇ ಇಲ್ಲ. ಜೋರಾಗಿ ಒತ್ತಿದರೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಹಾಗೆ ಕೂಗುತ್ತದೆ, ಅದು ನಿಜ. ಗೊರಗುಂಟೆಪಾಳ್ಯದಲ್ಲಿ ನಿನಗೆ ಜೋರಾಗಿ ಒತ್ತುವ ಭಾಗ್ಯ ಯಾವತ್ತು ಸಿಗುತ್ತದೆ ಹೇಳು? ಒಂದು ಮಾತ್ರ ನೆನಪಿಡು. ಇದರ ಎಣ್ಣೆಯನ್ನು 40 ಸಾವಿರ ಕಿ.ಮೀ. ಆಸುಪಾಸಿನಲ್ಲಿ ಬದಲಾಯಿಸಬೇಕು, ಕಂಪನಿಯ ಎಣ್ಣೆಯೇ ಹಾಕಿಸಬೇಕು. "ಏನೂ ಬೇಕಾಗಿಲ್ಲ ಸಾರ್, ಲೈಫ್‌ಟೈಮ್ ಎಣ್ಣೆ" ಅಂತ ಯಾರಾದರೂ ಹೇಳಿದರೆ ಯಾರ ಲೈಫು ಅಂತ ಕೇಳು.

ಇಂಜಿನ್ನಿಗೂ ಇದೇ ಮಾತು. ಟರ್ಬೊ ಇಲ್ಲದ ಸಾದಾ 1.2 ಲೀಟರ್ ಪೆಟ್ರೋಲ್ ಇಂಜಿನ್ ಸಾಕು. ಅಮೇಜಿನದು ನಾಲ್ಕು ಸಿಲಿಂಡರು. 2024ರಲ್ಲಿ ಬಂದ ಹೊಸ ಡಿಜೈರಿನದು ಮೂರು, ಸಿಗ್ನಲ್ಲಿನಲ್ಲಿ ನಿಂತಾಗ ಸಣ್ಣ ನಡುಕ ಸ್ಟಿಯರಿಂಗಿನಲ್ಲಿ ಗೊತ್ತಾಗುತ್ತದೆ. ನಿಮ್ಮ ಮಾವ ಹೇಳುವ ಡೀಸೆಲ್ ಮರೆತುಬಿಡು. ಅವರ ಕಾಲದ ಡೀಸೆಲ್ ಬೇರೆ. 2020ರ ಬಿಎಸ್6 ಹೊಗೆ ನಿಯಮದ ನಂತರ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ಸುಟ್ಟು ಹೋಗುತ್ತದೆ. ಬರೀ ಊರೊಳಗೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಆಸೆಯನ್ನೂ ಬಿಡು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲು. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳು ಅದಕ್ಕೆ ಹೊಂದಿಕೊಂಡಿರುತ್ತವೆ, ಹಳೆಯವುಗಳ ಭರವಸೆ ನಾನು ಕೊಡಲಾರೆ.

ಎಲೆಕ್ಟ್ರಿಕ್ ಯಾಕಲ್ಲ ಅಂತ ಲತಾ ಕೇಳಿದಳಂತೆ. ಸರಿಯಾಗೇ ಕೇಳಿದ್ದಾಳೆ. ಟ್ರಾಫಿಕ್ಕಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಆದರೆ ನಿಮ್ಮದು ಬಾಡಿಗೆ ಮನೆ, ಓನರು ಗೀಸರ್ ಹಾಕಿದರೇ ಮುಖ ಗಂಟಿಕ್ಕುತ್ತಾರೆ, ಕಾರು ಚಾರ್ಜ್ ಮಾಡಲು ಬಿಡುತ್ತಾರಾ? ಸ್ವಂತ ಮನೆ ಆದಾಗ ನೋಡೋಣ. ಹೈಬ್ರಿಡ್ಡೂ ಹಾಗೇ. ನಿಂತಾಗ ಇಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ತೆವಳುತ್ತದೆ, ಊರೊಳಗೆ ಲೀಟರಿಗೆ 22 ಬಂದರೂ ಆಶ್ಚರ್ಯವಿಲ್ಲ. ಸಾದಾ ಆಟೋಮ್ಯಾಟಿಕ್ಕಿಗೆ 12 ಬರುತ್ತದೆ ಅಂತಿಟ್ಟರೂ ವರ್ಷಕ್ಕೆ ಉಳಿಯುವುದು 450 ಲೀಟರು, ಸುಮಾರು 45 ಸಾವಿರ ರೂಪಾಯಿ. ಆನ್‌ರೋಡ್ ಬೆಲೆಯಲ್ಲಿ ಎಂಟು ಹತ್ತು ಲಕ್ಷ ಜಾಸ್ತಿ ಕೊಟ್ಟು ಅದನ್ನು ವಾಪಸ್ ದುಡಿಯುವಷ್ಟರಲ್ಲಿ ನಿನ್ನ ಮಗಳ ಮದುವೆ ಆಗಿರುತ್ತದೆ.

ದುಡ್ಡಿನ ವಿಷಯ ಬಂತಲ್ಲ. 2025ರ ಸೆಪ್ಟೆಂಬರ್ 22ರಿಂದ ಉದ್ದ ನಾಲ್ಕು ಮೀಟರ್ ಒಳಗಿನ, ಇಂಜಿನ್ 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18% ಆಗಿದೆ. ದೊಡ್ಡ ಕಾರಿಗೆ 40%. ಅಮೇಜೂ ಡಿಜೈರೂ ಸಣ್ಣದರ ಲೆಕ್ಕಕ್ಕೇ ಬರುತ್ತವೆ. ಅಷ್ಟು ಉಳಿಯಿತು ಅಂತ ಹಿಗ್ಗಬೇಡ, ನಮ್ಮ ಆರ್‌ಟಿಒ ಕಾಯುತ್ತಿರುತ್ತದೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ರೋಡ್ ಟ್ಯಾಕ್ಸ್ 14%. ಹತ್ತು ದಾಟಿದರೆ 17%. ಅದರ ಮೇಲೆ ಸೆಸ್ಸು ಬೇರೆ. ಎರಡು ಕ್ಯಾಮೆರಾ ಜಾಸ್ತಿ ಸಿಗುತ್ತದೆ ಅಂತ ಮೇಲಿನ ವೇರಿಯಂಟಿಗೆ ಕೈ ಹಾಕಿ ಆ ಹತ್ತರ ಗೆರೆ ದಾಟಿದೆಯೋ, ಟ್ಯಾಕ್ಸೊಂದರಲ್ಲೇ ಮೂವತ್ತು ಸಾವಿರದ ಮೇಲೆ ಹೋಯಿತು. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬರೆದಿದ್ದರೆ ಹೊಡೆದುಹಾಕಿಸು. ಇನ್ಶೂರೆನ್ಸಿಗೆ ಹೊರಗಡೆಯೂ ರೇಟು ಕೇಳು. ಸೀಟ್ ಕವರು, ಮ್ಯಾಟು ಜೆ.ಸಿ. ರೋಡಿನಲ್ಲಿ ಹಾಕಿಸೋಣ, ನನಗೆ ಪರಿಚಯದವರಿದ್ದಾರೆ.

ಸುರಕ್ಷತೆಯ ಬಗ್ಗೆ ಒಂದೇ ಮಾತು. ಅಗ್ಗ ಅಂತ ವ್ಯಾಗನ್ ಆರ್ ಕಡೆ ಹೊರಳಬೇಡ. ಕಾರನ್ನು ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್‌ನವರ 2023ರ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಐದಕ್ಕೆ ಒಂದೇ ಸ್ಟಾರು. ಹೊಸ ಡಿಜೈರಿಗೆ ಐದು ಬಂತು, ಅದನ್ನು ಮೆಚ್ಚಲೇಬೇಕು.

ಇನ್ನು ಟೆಸ್ಟ್ ಡ್ರೈವ್. ಶೋರೂಮಿನವರು ಹಿಂದುಗಡೆಯ ಖಾಲಿ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕಾಫಿ ಕೊಡುತ್ತಾರೆ. ಒಪ್ಪಬೇಡ. ಸಂಜೆ ಆರೂವರೆಗೆ ಸುಮನಹಳ್ಳಿಯಿಂದ ಗೊರಗುಂಟೆಪಾಳ್ಯದವರೆಗೆ ಬೇಕು ಅಂತ ಹಟ ಹಿಡಿ. ಗೊಣಗುತ್ತಾರೆ, ಗೊಣಗಲಿ. ಅಮ್ಮನನ್ನೂ ಕರೆದುಕೊಂಡು ಹೋಗು. ಹೋದ ತಿಂಗಳು ನನ್ನ ಹೊಸ ಕಾರಿಗೆ ಅಮ್ಮ ಹತ್ತಿದ್ದನ್ನು ನೋಡಿದೆ. ಮೊದಲು ಸೀಟಿನ ಮೇಲೆ ಕೈ ಊರಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಹಿಂಬದಿಯಿಂದ ಕೂತರು, ಆಮೇಲೆ ಎರಡು ಕೈಯಲ್ಲಿ ಬಲಗಾಲನ್ನು ಎತ್ತಿ ಒಳಗಿಟ್ಟರು. ಮೂರು ನಿಮಿಷ ಬೇಕಾಯಿತು. ಕೂತ ಮೇಲೆ "ಇದು ಸ್ವಲ್ಪ ತಗ್ಗಾಯ್ತು ಕಣಪ್ಪ, ನಿಮ್ಮಪ್ಪನ ಅಂಬಾಸಡರ್ ಎತ್ತರ ಇತ್ತು" ಅಂದರು. ಸೀಟಿನ ಎತ್ತರ ಸೇಲ್ಸ್‌ನವರ ಕಾಗದದಲ್ಲಿ ಇರುವುದಿಲ್ಲ. ಅಮ್ಮನ ಮಂಡಿಯೇ ಹೇಳಬೇಕು.

ಶೋರೂಮಿಗಿಂತ ಮುಂಚೆ ಸರ್ವೀಸ್ ಸೆಂಟರ್ ನೋಡು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಹತ್ತಿರ ಸುಮ್ನೆ ನಿಂತಿರು. ಗಾಡಿ ಬಿಡಲು ಬಂದ ನಾಲ್ಕು ಜನರನ್ನು ಮಾತಾಡಿಸು. ಕಾಯುವ ಜನರ ಮುಖದಲ್ಲೇ ಅರ್ಧ ಉತ್ತರ ಸಿಗುತ್ತದೆ. ಹಳದಿ ಬೋರ್ಡಿನ ಡ್ರೈವರ್‌ಗಳನ್ನೂ ಕೇಳು. ಅವರು ಡಿಜೈರಿನ ಹೆಸರನ್ನೇ ಹೇಳುತ್ತಾರೆ. ಅದರ ಸರ್ವೀಸು, ಬಿಡಿಭಾಗ ಎಲ್ಲ ಊರಿನಲ್ಲೂ ಸಿಗುತ್ತದೆ ಅನ್ನುವುದು ಸುಳ್ಳಲ್ಲ. ನೀನು ವಾರ ವಾರ ಊರಿಗೆ ಹೋಗುವವನಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಹೋಗುವವನು ನೀನು. ಆದ್ದರಿಂದ ನನ್ನ ಓಟು ಅಮೇಜ್ ಸಿವಿಟಿಗೆ, ನಡುವಿನ ವೇರಿಯಂಟಿಗೆ. ವಾರಂಟಿಯನ್ನು ಎಷ್ಟು ವರ್ಷ ಹೆಚ್ಚಿಸಿಕೊಳ್ಳಬಹುದೋ ಅಷ್ಟೂ ಹೆಚ್ಚಿಸಿಕೊ. ಸನ್‌ರೂಫಿನ ದುಡ್ಡು ಅಲ್ಲಿ ಹಾಕು. ಇಂಜಿನ್ ಆಯಿಲನ್ನು 10 ಸಾವಿರ ಕಾಯದೆ ಆರೇಳು ಸಾವಿರಕ್ಕೇ ಬದಲಾಯಿಸು. ಮೇಲೆ ಹೇಳಿದ ಗಂಟೆ ಲೆಕ್ಕ ಇದಕ್ಕೂ ಸೇರಿಯೇ.

ಡೆಲಿವರಿಗೆ ಮುಂಚೆ ಯಾರ್ಡಿಗೆ ಹೋಗಿ ಗಾಡಿ ನೋಡಿಬಿಡು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2225 ಅಂತಿದ್ದರೆ 2025ರ 22ನೇ ವಾರದಲ್ಲಿ ತಯಾರಾದ ಟೈರು. ವರ್ಷದ ಹಿಂದಿನದಾದರೆ ಗಾಡಿ ಬಿಸಿಲಲ್ಲಿ ನಿಂತು ಹಳೇದಾಗಿದೆಯೋ ಏನೋ, ಕೇಳಲೇಬೇಕು. ಇನ್ನೊಂದು, ನಿಮ್ಮ ಮನೆ ಪಕ್ಕ ಖಾಲಿ ಸೈಟಿದೆ. ಇಲಿ ಖಂಡಿತ ಬರುತ್ತದೆ. ಬಾನೆಟ್ ಒಳಗೆ ಹೊಗೆಸೊಪ್ಪಿನ ಕಟ್ಟು ನೇತುಹಾಕು, ತಿಂಗಳಿಗೊಮ್ಮೆ ಬದಲಾಯಿಸು. ವೈರು ಕಡಿದ ಮೇಲೆ ಬರುವ ಬಿಲ್ಲಿಗಿಂತ ಅದರ ಘಾಟೇ ವಾಸಿ.

ಆಯುಧಪೂಜೆಗೆ ಮುಂಚೆ ಮನೆಗೆ ಬರಬೇಕು ಅಂದಿದ್ದೀಯ. ಈ ಶನಿವಾರ ನಾನು ಬಿಡುವು. ಬೆಳಿಗ್ಗೆ ಸರ್ವೀಸ್ ಸೆಂಟರಿನ ಗೇಟಿನ ಹತ್ತಿರ ಸಿಗೋಣ, ಸಂಜೆ ಟೆಸ್ಟ್ ಡ್ರೈವ್. ಪೂಜೆ ದಿನಕ್ಕೆ ಇಷ್ಟು ನೆನಪಿಡು: ಆಟೋಮ್ಯಾಟಿಕ್ ಕಾರಿನಲ್ಲಿ ನಿಂಬೆಹಣ್ಣು ತುಳಿಸುವಾಗ ಆಕ್ಸಲರೇಟರ್ ಮುಟ್ಟಲೇಬಾರದು. 2025ರಲ್ಲಿ ದೆಹಲಿಯ ಶೋರೂಮೊಂದರಲ್ಲಿ ಹೀಗೇ ನಿಂಬೆಹಣ್ಣು ತುಳಿಸಲು ಹೋಗಿ ಹೊಸ ಕಾರು ಮೊದಲನೇ ಮಹಡಿಯ ಗಾಜು ಒಡೆದು ಕೆಳಗೆ ಬಿದ್ದಿತ್ತು. ಬ್ರೇಕ್ ಮೇಲಿಂದ ಕಾಲನ್ನು ನಿಧಾನವಾಗಿ ಸಡಿಲಿಸು, ಕಾರು ತಾನೇ ಮುಂದೆ ಹೋಗುತ್ತದೆ. ಮುಂದೆ ಯಾರೂ ನಿಲ್ಲದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಮಾವ ಫೋಟೊ ತೆಗೆಯುವುದಕ್ಕೆ ಮುಂದೆಯೇ ಬಂದು ನಿಲ್ಲುತ್ತಾರೆ, ಅವರನ್ನು ನೀನು ನೋಡಿಕೊ.

ನಿನ್ನ
ಮಂಜು