ಬಸ್ರಾದಲ್ಲಿ ಸತ್ತ ಸಿಪಾಯಿಗೂ ಒಂದು ಹೆಸರಿತ್ತು

ಸಂಪಾದಕರಿಗೆ ನಮಸ್ಕಾರ,

ಸೆಪ್ಟೆಂಬರ್ 23 ಹತ್ರ ಬಂದ್ರೆ ಪೇಪರ್‌ಗಳಲ್ಲಿ ಹೈಫಾ (ಈಗಿನ ಇಸ್ರೇಲಲ್ಲಿರೋ ಊರು) ಕದನದ ಲೇಖನ ಬರುತ್ತೆ. 1918ರಲ್ಲಿ ಮೈಸೂರು, ಜೋಧಪುರದ ಲ್ಯಾನ್ಸರ್ಸ್ ಈಟಿ ಹಿಡ್ಕೊಂಡು ಮಷಿನ್ ಗನ್ ಎದುರಿಗೇ ಕುದುರೆ ನುಗ್ಗಿಸಿದ್ದು ಓದಿದಾಗೆಲ್ಲ ಮೈ ಜುಮ್ ಅನ್ನುತ್ತೆ, ಅದನ್ನ ಬರೀಲೇಬೇಕು. ಆದ್ರೆ ಅದೇ ಯುದ್ಧಕ್ಕೆ ಕಾಲಾಳಾಗಿ ಹೋಗಿ ವಾಪಸ್ ಬರದೇ ಹೋದ ಹಳ್ಳಿ ಹುಡುಗರ ಬಗ್ಗೆ ಎರಡು ಸಾಲೂ ಕಾಣಲ್ಲ.

ಮೊದಲನೇ ಮಹಾಯುದ್ಧಕ್ಕೆ ಬ್ರಿಟಿಷರ ಪರವಾಗಿ ಭಾರತದಿಂದ ಹೋದೋರು ಹತ್ತು ಲಕ್ಷಕ್ಕೂ ಜಾಸ್ತಿ, ಸತ್ತೋರು ಸುಮಾರು 74,000. ಸಿಪಾಯಿ ಸಂಬಳ ತಿಂಗಳಿಗೆ 11 ರೂಪಾಯಿ. ಹೆಚ್ಚಿನೋರಿಗೆ ಓದು ಬರಹ ಬರ್ತಿರಲಿಲ್ಲ, ಅಕ್ಷರ ಬಲ್ಲ ಜೊತೆಗಾರನ ಹತ್ರ ಹೇಳಿ ಕಾಗದ ಬರೆಸ್ತಿದ್ರು, ಅದನ್ನ ಸೆನ್ಸಾರ್ ಆಫೀಸರ್ ಓದಿ ಬಿಡ್ತಿದ್ದ, ಊರಲ್ಲಿ ಇನ್ಯಾರೋ ಅದನ್ನ ಹೆಂಡ್ತಿಗೆ ಓದಿ ಹೇಳ್ಬೇಕು. ಗಂಡ ಹೆಂಡ್ತಿ ನಡುವೆ ಇಷ್ಟು ಜನ! ಇಲ್ಲಿ ನಮ್ಮೋರು ಸಾಯ್ತಿದಾರೆ, ನೀವು ಸೇರ್ಬೇಡಿ ಅಂತ ನೇರವಾಗಿ ಬರೆಯೋ ಹಾಗಿರಲಿಲ್ಲ, ಅದಕ್ಕೆ ಫ್ರಾನ್ಸಿಂದ ಕೆಲವರು ಕರಿಮೆಣಸು ಮುಗೀತಾ ಬಂತು ಅಂತ ಗುಟ್ಟಾಗಿ ಬರೆಸಿದ್ರು, ಕರಿಮೆಣಸು ಅಂದ್ರೆ ನಮ್ಮ ಸಿಪಾಯಿಗಳು.

ಇನ್ನು ಮೆಸಪೊಟೇಮಿಯಾ, ಅಂದ್ರೆ ಈಗಿನ ಇರಾಕ್. ನಮ್ಮೋರು ಅತಿ ಹೆಚ್ಚು ಹೋಗಿದ್ದೇ ಅಲ್ಲಿಗೆ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಇಂಜಿನಿಯರ್ ಪಡೆ) ಕೂಡ ಅಲ್ಲಿದ್ರು. ಕೂಟ್ ಅನ್ನೋ ಊರಲ್ಲಿ ನಮ್ಮೋರಿದ್ದಾಗ 1915ರ ಡಿಸೆಂಬರಿಂದ 1916ರ ಏಪ್ರಿಲ್ 29ರ ತನಕ ತುರ್ಕಿ ಸೈನ್ಯ ಮುತ್ತಿಗೆ ಹಾಕ್ತು, ರೇಷನ್ ಕರಗ್ತಾ ಹೋಯ್ತು, ಕುದುರೆ ಮಾಂಸ ತಿನ್ನಿ ಅಂದ್ರೆ ನಮ್ಮ ಹುಡುಗರು ತುಂಬಾ ದಿನ ಒಪ್ಪಲಿಲ್ಲ, ವಿಟಮಿನ್ ಸಿ ಸಿಗದೆ ಸ್ಕರ್ವಿ ರೋಗ ಬಂದು ಹಲ್ಲಿನ ವಸಡೇ ಕೊಳೀತು. ಕೊನೆಗೆ ಶರಣಾದ ಮೇಲೆ ಅವರ ಬ್ರಿಟಿಷ್ ದಳಪತಿ ಜನರಲ್ ಟೌನ್‌ಶೆಂಡ್‌ನ ಇಸ್ತಾಂಬುಲ್ ಹತ್ರದ ದ್ವೀಪದಲ್ಲಿ ಆರಾಮಾಗಿ ಇಟ್ರು, ಸಿಪಾಯಿಗಳನ್ನ ಮರುಭೂಮೀಲಿ ನಡೆಸ್ಕೊಂಡು ಹೋದ್ರು, ರೈಲ್ವೆ ಕೆಲಸಕ್ಕೆ ಹಾಕಿದ್ರು, ಎಷ್ಟೋ ಜನ ದಾರೀಲೇ ಬಿದ್ದು ಸತ್ರು. ಇದನ್ನ ಓದಿದ ದಿನ ನಂಗೆ ಊಟ ಸೇರಲಿಲ್ಲ.

ಅದಕ್ಕಿಂತ ಸಿಟ್ಟು ತರಿಸಿದ್ದು ಅದೇ ಇರಾಕಿನ ಬಸ್ರಾ ಊರಿನ ಸ್ಮಾರಕ. ಅಲ್ಲಿ ಸತ್ತು, ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಸೈನಿಕರ ನೆನಪಿಗೆ ಕಟ್ಟಿದ್ದು ಅದು. ಬ್ರಿಟಿಷ್ ಸಾಮಾನ್ಯ ಸೈನಿಕನ ಹೆಸರೂ ಕಲ್ಲಲ್ಲಿ ಕೊರೆದಿದಾರೆ, ನಮ್ಮ ಸಾಮಾನ್ಯ ಸಿಪಾಯಿಗೆ ಮಾತ್ರ ರೆಜಿಮೆಂಟ್ ಕೆಳಗೆ ಇಷ್ಟು ಜನ ಅಂತ ಬರೀ ಒಂದು ನಂಬರ್. ಜೀವ ಕೊಟ್ಟೋನಿಗೆ ಒಂದು ಹೆಸರು ಕೆತ್ತೋಕೆ ಕಲ್ಲು ಸಾಲ್ದೇ ಹೋಯ್ತಾ? ಈ ಥರ ಭೇದ ಆಗಿದ್ದು ನಿಜ ಅಂತ ಇಂಥ ಸಮಾಧಿ, ಸ್ಮಾರಕ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನೇ 2021ರಲ್ಲಿ ಒಪ್ಕೊಂಡು ಕ್ಷಮೆ ಕೇಳಿದೆ.

ಕಲ್ಲಲ್ಲಿ ಇಲ್ಲದ ಎಷ್ಟೋ ಹೆಸರು ಕಾಗದದಲ್ಲಿ ಇದಾವೆ. ಕಮಿಷನ್ನಿನ ವೆಬ್‌ಸೈಟಲ್ಲಿ ಹುಡುಕಿದ್ರೆ ಕೆಲವು ಸಿಪಾಯಿಗಳ ಅಪ್ಪನ ಹೆಸರು, ಹಳ್ಳಿ, ಜಿಲ್ಲೆ ಕೂಡ ಸಿಗುತ್ತೆ, ಎಲ್ಲಾ ಇಂಗ್ಲಿಷಲ್ಲಿ, ಊರ ಹೆಸರಿನ ಸ್ಪೆಲಿಂಗು ಅಂದಿನ ಗುಮಾಸ್ತನಿಗೆ ಕೇಳಿಸಿದ ಹಾಗೆ. ಪಂಜಾಬಿನ ಸುಮಾರು 3,20,000 ಸೈನಿಕರ ಊರುವಾರು ರಿಜಿಸ್ಟರ್ ಲಾಹೋರ್ ಮ್ಯೂಸಿಯಮ್ಮಲ್ಲಿ ಇತ್ತು, ಅದನ್ನ 2021ರಿಂದ ಆನ್‌ಲೈನ್ ಹಾಕ್ತಿದಾರೆ. ನಮ್ಮ ರಾಜ್ಯ ಪತ್ರಾಗಾರ ಇಲಾಖೆ, ಸೈನಿಕ ಕಲ್ಯಾಣ ಇಲಾಖೆ ಸೇರ್ಕೊಂಡು ಹಳೇ ಮೈಸೂರು, ಮದ್ರಾಸ್, ಬಾಂಬೆ ದಾಖಲೆ ನೋಡಿ ಕನ್ನಡದಲ್ಲಿ ತಾಲ್ಲೂಕುವಾರು ಪಟ್ಟಿ ಮಾಡ್ಬೇಕು, ಪ್ರತಿ ಗ್ರಾಮ ಪಂಚಾಯ್ತಿಗೂ ಅವರವರ ಊರಿನ ಹೆಸರು ಕಳಿಸ್ಬೇಕು. ಈ ಸಲ ಹೈಫಾ ಲೇಖನ ಹಾಕೋವಾಗ ಪಕ್ಕದಲ್ಲೇ ಈ ಬೇಡಿಕೆಯನ್ನೂ ಹಾಕಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗ