ಎಂಜಿನಿಯರುಗಳ ಸಂಘ ತಪ್ಪುಗಳನ್ನೂ ಹಂಚಲಿ

ಮಾನ್ಯರೇ,

ಕಟ್ಟಡಗಳ ದೃಢತೆಯ ಹೊಣೆ ಹೊರುವ ಸ್ಟ್ರಕ್ಚರಲ್ ಎಂಜಿನಿಯರುಗಳ ಪ್ರಾದೇಶಿಕ ಸಂಘವೊಂದು ಉಪನ್ಯಾಸ, ಸದಸ್ಯತ್ವ ನವೀಕರಣ, ವಾರ್ಷಿಕ ಸಭೆಗಳಿಗಷ್ಟೇ ಸೀಮಿತವಾಗದೆ, ನಿರ್ಮಾಣ ಸ್ಥಳದಲ್ಲಿ ಆಗುವ ತಪ್ಪುಗಳನ್ನು ಸಂಗ್ರಹಿಸಿ ಸದಸ್ಯರಿಗೆ ತಿಳಿಸಬೇಕು. ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಕೇಳಸಿಗುವುದು ಯಶಸ್ವಿ ಯೋಜನೆಗಳ ವರ್ಣನೆ. ಕಲಿಯಬೇಕಾದದ್ದು ಬಹುಪಾಲು ಬೇರೆಡೆ ಇದೆ.

ಈ ತಪ್ಪುಗಳೇನೂ ಹೊಸವಲ್ಲ. ಕಂಬ ಮತ್ತು ತೊಲೆ ಸೇರುವಲ್ಲಿ ಕಬ್ಬಿಣ ದಟ್ಟವಾಗಿರುವುದರಿಂದ, ಮುಖ್ಯ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ಕೂರಿಸುವುದು ಕಷ್ಟ, ಹಾಗಾಗಿ ಅಲ್ಲೇ ಅವನ್ನು ಬಿಟ್ಟುಬಿಡುತ್ತಾರೆ. 135 ಡಿಗ್ರಿ ಬಾಗಬೇಕಾದ ರಿಂಗಿನ ಕೊಕ್ಕೆ 90 ಡಿಗ್ರಿಗೇ ನಿಲ್ಲುತ್ತದೆ. ಭೂಕಂಪದಲ್ಲಿ ಕಾಂಕ್ರೀಟಿನ ಹೊರಪದರ ಉದುರಿದರೆ ಅಂಥ ಕೊಕ್ಕೆ ಬಿಚ್ಚಿಕೊಂಡು ಕಂಬದ ಮುಖ್ಯ ಕಂಬಿಗಳು ಹೊರಕ್ಕೆ ಬಾಗುತ್ತವೆ. ಬಾಲ್ಕನಿಯ ಮೇಲ್ಪದರದ ಕಂಬಿ ಕೆಲಸಗಾರರ ಕಾಲ್ತುಳಿತಕ್ಕೆ ಕೆಳಗಿಳಿದರಂತೂ, ಸ್ಲ್ಯಾಬ್ ತನ್ನ ಬಲದ ದೊಡ್ಡ ಪಾಲನ್ನೇ ಕಳೆದುಕೊಳ್ಳುತ್ತದೆ. ನಕ್ಷೆಯಲ್ಲಿ ಎಲ್ಲವೂ ಸರಿಯೇ ಇರುತ್ತದೆ!

ಇಂಥ ತಪ್ಪುಗಳನ್ನು ಕಂಡ ಎಂಜಿನಿಯರುಗಳು ಸುಮ್ಮನಿರುವುದಕ್ಕೆ ಕಾರಣ ಕೆಲಸ ಕೈತಪ್ಪುವ, ಮೊಕದ್ದಮೆ ಎದುರಾಗುವ ಭಯ. ಬ್ರಿಟನ್ನಿನಲ್ಲಿ 2005ರಲ್ಲಿ ಆರಂಭವಾದ ‘ಕ್ರಾಸ್’ ಎಂಬ ಗೋಪ್ಯ ವರದಿ ವ್ಯವಸ್ಥೆ ಈ ತೊಡಕಿಗೆ ದಾರಿ ಕಂಡುಕೊಂಡಿದೆ. ಬಂದ ವರದಿಯಿಂದ ಹೆಸರು, ಸ್ಥಳಗಳನ್ನು ಅಳಿಸಿ, ತಜ್ಞರ ಟಿಪ್ಪಣಿಯೊಡನೆ ಅಲ್ಲಿ ಪ್ರಕಟಿಸುತ್ತಾರೆ. ಯಾರ ತಪ್ಪೆಂದು ತೀರ್ಮಾನಿಸುವುದು ಅದರ ಉದ್ದೇಶವಲ್ಲ.

ಪ್ರಾದೇಶಿಕ ಸಂಘಗಳು ನಿವೃತ್ತ ಹಿರಿಯ ಎಂಜಿನಿಯರುಗಳ ಮೂರು-ನಾಲ್ಕು ಜನರ ಸಮಿತಿ ರಚಿಸಿ, ಇಂಥ ವರದಿಗಳನ್ನು ಮೂರು ತಿಂಗಳಿಗೊಮ್ಮೆ ಹೊರತರಲಿ. ಪ್ರತಿ ಉಪನ್ಯಾಸದ ಕೊನೆಯ ಅರ್ಧ ಗಂಟೆಯನ್ನು ಅವುಗಳ ಚರ್ಚೆಗೆ ಮೀಸಲಿಡಲಿ.

– ಓರ್ವ ಓದುಗ