ಕುಂಬಳೆ ಸ್ಟೇಷನ್ನಿಗೆ ಸ್ಕ್ಯಾನರ್ ಬೇಕೆ?

ಮ್ಯಾಡ್ರಿಡ್

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಎಲತ್ತೂರಿನ ಘಟನೆ ನಿಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ ಅಂತ ಫೋನಿನಲ್ಲೇ ಗೊತ್ತಾಯಿತು. 2023ರ ಏಪ್ರಿಲ್‌ನಲ್ಲಿ ಅಲ್ಲಿ, ಕೋಝಿಕ್ಕೋಡಿನ ಹತ್ತಿರ, ಕಣ್ಣೂರು ರೈಲಿನೊಳಗೆ ಒಬ್ಬ ಪೆಟ್ರೋಲ್ ಎರಚಿ ಬೆಂಕಿ ಹಚ್ಚಿದ, ಮೂವರು ಹಳಿಯ ಮೇಲೆ ಹೆಣವಾಗಿ ಸಿಕ್ಕಿದರು. ತಮ್ಮ ದಿನಾ ರೈಲಿನಲ್ಲೇ ಮಂಗಳೂರಿಗೆ ಕಾಲೇಜಿಗೆ ಹೋಗುವಾಗ ನಿಮಗೆ ಹೆದರಿಕೆ ಆಗದೆ ಇರುತ್ತದೆಯೇ? ಆದರೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಹಾಗೆ ನಮ್ಮ ಕುಂಬಳೆ ರೈಲು ಸ್ಟೇಷನ್ನಿನಲ್ಲೂ ಬ್ಯಾಗ್ ತಪಾಸಣೆ ಆಗಬೇಕು ಎಂಬ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ.

ಇಲ್ಲಿಯ ಕತೆ ಕೇಳಿ. 2004ರ ಮಾರ್ಚ್ 11ರ ಬೆಳಗ್ಗೆ ಈ ಊರಿನ ನಾಲ್ಕು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಈಗ ಅತೋಚಾ ಸ್ಟೇಷನ್ನಿನಲ್ಲಿ ಬಾರ್ಸಿಲೋನಾದಂಥ ದೂರದ ಊರಿನ ವೇಗದ ರೈಲು ಹತ್ತುವವರು ಬ್ಯಾಗನ್ನು ಎಕ್ಸ್‌ರೇ ಬೆಲ್ಟಿನ ಮೇಲಿಡಬೇಕು. ಬೂಟು ಬಿಚ್ಚಿಸುವುದಿಲ್ಲ, ನೀರಿನ ಬಾಟಲಿ ಕಿತ್ತುಕೊಳ್ಳುವುದಿಲ್ಲ. ಅದೇ ಸ್ಟೇಷನ್ನಿನ ಲೋಕಲ್ ರೈಲಿಗೋ, ಗೇಟಿಗೆ ಟಿಕೆಟ್ ತೋರಿಸಿದರೆ ಸಾಕು. ಬಾಂಬ್ ಸಿಡಿದದ್ದು ಲೋಕಲ್‌ನಲ್ಲಿ, ತಪಾಸಣೆ ದೂರದ ರೈಲಿಗೆ! ನಗು ಬರುತ್ತದೆ, ಆದರೆ ಬೇರೆ ದಾರಿಯೂ ಇಲ್ಲ. ಕೆಲಸದ ಹೊತ್ತಿನಲ್ಲಿ ಒಂದರ ಹಿಂದೊಂದು ಬರುವ ಲೋಕಲ್‌ಗೆ ಹತ್ತುವ ಒಬ್ಬೊಬ್ಬರ ಬ್ಯಾಗೂ ನೋಡುತ್ತಾ ಕೂತರೆ ಊರೇ ನಿಂತುಹೋಗುತ್ತದೆ.

ವಿಮಾನದ ಮಾತು ಬೇರೆ. ಆಕಾಶದಲ್ಲಿ ಚೈನ್ ಎಳೆದು ಇಳಿಯಲಿಕ್ಕಾಗುವುದಿಲ್ಲ, ಒಂದು ಸ್ಫೋಟ ಸಾಕು, ಒಳಗಿದ್ದವರೆಲ್ಲ ಹೋದ ಹಾಗೆ. ಅಲ್ಲಿ ತಪಾಸಣೆಗೆ ಸಾಲಿನಲ್ಲಿ ನಿಲ್ಲುವುದಕ್ಕೆ ಅರ್ಥವಿದೆ. ಅಲ್ಲೂ ಸಾಲಿನ ಹೊರಗಿರುವವರಿಗೆ ಕಾವಲು ಯಾರು? 2020ರ ಜನವರಿಯಲ್ಲಿ ಬಜ್ಪೆಯಲ್ಲಿ ಸ್ಫೋಟಕದ ಬ್ಯಾಗ್ ಸಿಕ್ಕಿದ್ದು ತಪಾಸಣೆಗೂ ಮೊದಲು, ಟಿಕೆಟ್ ಕೌಂಟರಿನ ಹತ್ತಿರ. 2016ರಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಸಿಡಿದದ್ದೂ ಚೆಕ್-ಇನ್ ಜಾಗದಲ್ಲಿ. ಕುಂಬಳೆಯಲ್ಲಿ ಸ್ಕ್ಯಾನರ್ ಇಟ್ಟರೆ ಬೆಳಗಿನ ರೈಲಿಗೆ ಬರುವ ಮಕ್ಕಳೆಲ್ಲ ಬಾಗಿಲಲ್ಲೇ ಗುಂಪುಗೂಡುತ್ತಾರೆ. ಕೇಡು ಬಗೆಯುವವನಿಗೆ ಆ ಗುಂಪು ಸಾಲದೇ? ಹಳಿ ದಾಟಿ ಪ್ಲಾಟ್‌ಫಾರ್ಮ್ ಹತ್ತುವವರನ್ನಂತೂ ಯಾರೂ ತಡೆಯಲಾರರು. (ನೀವೂ ಆ ಪೈಕಿ, ಅಮ್ಮ ಹೇಳಿದ್ದಾಳೆ.) ರೈಲಿನಲ್ಲಿ ಪೆಟ್ರೋಲ್ ಒಯ್ಯಬಾರದು ಅನ್ನುವ ಕಾನೂನು ಮೊದಲೇ ಇತ್ತು. ಎಲತ್ತೂರಿನದು ನಡೆದದ್ದು ರಾತ್ರಿ, ಓಡುವ ರೈಲಿನಲ್ಲಿ. ಸ್ಕ್ಯಾನರಿನ ದುಡ್ಡಿನಲ್ಲಿ ರಾತ್ರಿ ಬೋಗಿ ಬೋಗಿ ಸುತ್ತುವ ಪೊಲೀಸರನ್ನು ಹೆಚ್ಚು ಮಾಡಲಿ. ಮನವಿ ಬರೆಯುವುದಿದ್ದರೆ ಅದಕ್ಕೇ ಬರೆಯಿರಿ.

ಅಮ್ಮನಿಗೆ ಹೇಳಿ, ಬರುವಾಗ ಪೆಟ್ಟಿಗೆಯಲ್ಲಿ ಕೊಬ್ಬರಿ ಇಡುವುದು ಬೇಡ. ಎಣ್ಣೆಯಂಶ ಇರುವುದರಿಂದ ತಾನಾಗಿ ಕಾದು ಬೆಂಕಿ ಹಿಡಿಯಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಬಾಯಿ ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಲಿ.

ಇಂತಿ ನಿಮ್ಮ ಮಗಳು